ಲೇಸರಾ, ಇಂಜೆಕ್ಷನ್ನಾ? ಕಣ್ಣು ಉಳಿಸಿಕೊಳ್ಳಲು ಯಾವ ಪರೀಕ್ಷೆ, ಯಾವ ಚಿಕಿತ್ಸೆ

ಸಕ್ಕರೆ ಕಾಯಿಲೆಯಿಂದ ಕೆಟ್ಟ ಅಮ್ಮನ ಎಡಗಣ್ಣಿಗೆ ಒಬ್ಬ ಡಾಕ್ಟರು ಲೇಸರ್ ಬರೆದರು. ಇನ್ನೊಬ್ಬರನ್ನೂ ಕೇಳೋಣ ಅಂತ ಹೋದರೆ ಅವರು ಇಂಜೆಕ್ಷನ್ ಬರೆದರು. ಎರಡೂ ಚೀಟಿ ಹಿಡಿದುಕೊಂಡು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತ ಅಮ್ಮ, "ಇಬ್ಬರಲ್ಲಿ ಯಾರೋ ಒಬ್ಬರು ದುಡ್ಡು ಹೊಡೀತಿದಾರೆ ಕಣೋ" ಅಂದಳು. ನನಗೂ ಹಾಗೇ ಅನ್ನಿಸಿತ್ತು. ಆಮೇಲೆ ಓದಿ, ಕೇಳಿ, ನಾಲ್ಕಾರು ಒಪಿಡಿಗಳ ಬೆಂಚಿನ ಮೇಲೆ ಅಕ್ಕಪಕ್ಕದವರ ಜೊತೆ ಮಾತಾಡಿದ ಮೇಲೆ ಗೊತ್ತಾಯಿತು, ಇಬ್ಬರು ಹೇಳಿದ್ದೂ ಸರಿಯೇ ಅಂತ. ಆದರೆ ಇಬ್ಬರೂ ಒಂದು ವಿಷಯ ಕೇಳಿರಲಿಲ್ಲ: "ಅಮ್ಮಾ, ನೀವು ಎಲ್ಲಿಂದ ಬರ್ತೀರಾ? ಯಾರು ಕರ್ಕೊಂಡು ಬರ್ತಾರೆ? ಎಷ್ಟು ಸಲ ಬರೋಕಾಗತ್ತೆ?"

ಅಮ್ಮ ಇರುವುದು ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ. ನಾನಿರುವುದು ಬೆಂಗಳೂರಿನಲ್ಲಿ. ಬಸ್ಸು, ರೈಲು, ಆಟೋ ಎಲ್ಲ ಸೇರಿ ಆಸ್ಪತ್ರೆ ತಲುಪಲು ಅರ್ಧ ದಿನ ಬೇಕು. ಕಣ್ಣಿನ ಚಿಕಿತ್ಸೆ ಆರಿಸುವಾಗ ಈ ಅರ್ಧ ದಿನವನ್ನೂ ಲೆಕ್ಕಕ್ಕೆ ಹಿಡಿಯಬೇಕು ಅನ್ನುವುದು ನಾನು ನಿಧಾನವಾಗಿ ಕಲಿತ ಪಾಠ. ನಾನು ಡಾಕ್ಟರಲ್ಲ. ಕೊನೆಯ ಮಾತು ನಿಮ್ಮನ್ನು ನೋಡುವ ಡಾಕ್ಟರದ್ದೇ. ಅವರ ಮುಂದೆ ಕೂತಾಗ ಏನು ಕೇಳಬೇಕು ಅಂತ ಗೊತ್ತಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇದನ್ನು ಬಿಡಿಸಿಕೊಳ್ಳಿ: ವಾಪಸ್ ಬರುವ ದೃಷ್ಟಿ, ಬರದ ದೃಷ್ಟಿ

ನಮ್ಮ ಕಡೆ ವಯಸ್ಸಾದವರಿಗೆ ಕಣ್ಣು ಮಂಜಾದರೆ ಎಲ್ಲರ ಬಾಯಲ್ಲೂ ಒಂದೇ ಮಾತು, "ಪೊರೆ ಬಂದಿರಬೇಕು, ಬಲಿಯಲಿ ಬಿಡು." ಪೊರೆಯಾದರೆ ಪರವಾಗಿಲ್ಲ. ಕಣ್ಣಿನೊಳಗಿನ ಲೆನ್ಸ್ ಮಬ್ಬಾಗಿರುತ್ತದೆ. ಅದನ್ನು ತೆಗೆದು ಹೊಸದು ಹಾಕಿದರೆ ದೃಷ್ಟಿ ಬರುತ್ತದೆ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, 50 ದಾಟಿದವರ ಕುರುಡುತನಕ್ಕೆ ಮೂರರಲ್ಲಿ ಎರಡು ಪಾಲು ಕಾರಣ ಪೊರೆಯೇ ಆಗಿತ್ತು. ಹಾಗಾಗಿ ಊರವರ ಊಹೆ ಬಹಳ ಸಲ ನಿಜವೇ ಆಗುತ್ತದೆ.

ತೊಂದರೆ ಬರುವುದು ಆ ಊಹೆ ತಪ್ಪಾದಾಗ. ಸಕ್ಕರೆ ಕಾಯಿಲೆಯಿಂದ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಚಿತ್ರ ಮೂಡುವ ಪದರ ಕೆಡುತ್ತದೆ, ಅದಕ್ಕೆ ಡಯಾಬಿಟಿಕ್ ರೆಟಿನೋಪತಿ ಅನ್ನುತ್ತಾರೆ. ಗ್ಲಾಕೋಮಾದಲ್ಲಿ, ಹೆಚ್ಚಾಗಿ ಕಣ್ಣಿನೊಳಗಿನ ಒತ್ತಡದಿಂದ, ಕಣ್ಣಿನಿಂದ ಮಿದುಳಿಗೆ ಹೋಗುವ ನರ ಸವೆಯುತ್ತದೆ. ನರ ಸವೆದು ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ರೆಟಿನಾದ ಊತ ಇಳಿದರೆ ಒಂದಿಷ್ಟು ದೃಷ್ಟಿ ಸುಧಾರಿಸಬಹುದು, ಆದರೆ ತಡವಾದಷ್ಟೂ ಕಡಿಮೆ. ಇಲ್ಲಿ ಚಿಕಿತ್ಸೆಯ ಕೆಲಸ ಮುಖ್ಯವಾಗಿ ಉಳಿದದ್ದನ್ನು ಕಾಪಾಡುವುದು. ಇದು ತಲೆಗೆ ಹೋಗದಿದ್ದರೆ, "ಇಷ್ಟೊಂದು ದುಡ್ಡು ಸುರಿದೆವು, ಒಂಚೂರೂ ಜಾಸ್ತಿ ಕಾಣಿಸ್ತಿಲ್ಲ" ಅಂತ ಬೇಸರ ಮಾಡಿಕೊಂಡು ಅರ್ಧಕ್ಕೇ ಬಿಡುವವರೇ ಹೆಚ್ಚು. ಅಮ್ಮನೂ ಒಮ್ಮೆ ಬಿಟ್ಟಿದ್ದಳು.

2023ರಲ್ಲಿ ಬಂದ ಐಸಿಎಂಆರ್ (ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ) ಅಧ್ಯಯನದ ಅಂದಾಜಿನ ಪ್ರಕಾರ ದೇಶದಲ್ಲಿ ಶುಗರ್ ಇರುವವರು 10 ಕೋಟಿ ದಾಟಿದ್ದಾರೆ. 40 ದಾಟಿದ ಶುಗರ್ ರೋಗಿಗಳನ್ನು ಪರೀಕ್ಷಿಸಿದ ಇನ್ನೊಂದು ದೊಡ್ಡ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಅದರಲ್ಲಿ ಎಂಟು ಜನರಲ್ಲಿ ಒಬ್ಬರಿಗೆ ರೆಟಿನೋಪತಿ ಇತ್ತು. ನೂರರಲ್ಲಿ ನಾಲ್ಕು ಜನರಿಗೆ ಅದು ದೃಷ್ಟಿ ಕಳೆಯುವ ಹಂತ ಮುಟ್ಟಿತ್ತು.

ಎಲ್ಲಿ ತೋರಿಸುವುದು?

ಕನ್ನಡಕದ ಅಂಗಡಿಯಿಂದ ಶುರು ಮಾಡುತ್ತೇನೆ, ಯಾಕೆಂದರೆ ನಾವು ಮೋಸ ಹೋಗಿದ್ದೇ ಅಲ್ಲಿ. ಮೋಸ ಅನ್ನುವುದಕ್ಕಿಂತ ನಮ್ಮ ತಪ್ಪು ತಿಳಿವಳಿಕೆ ಅನ್ನಬೇಕು. ಒಂದೇ ವರ್ಷದಲ್ಲಿ ಅಮ್ಮ ಎರಡು ಸಲ ಕನ್ನಡಕ ಬದಲಾಯಿಸಿದಳು. ಎರಡು ಸಲವೂ "ಪವರ್ ಚೇಂಜ್ ಆಗಿದೆ" ಅಂದರು. ಯಾರೂ ಕಣ್ಣಿನ ಹಿಂಭಾಗ ನೋಡಲಿಲ್ಲ. ನೋಡುವುದು ಅವರ ಕೆಲಸವೂ ಅಲ್ಲ. ಅಂಗಡಿಯಲ್ಲಿ ಅಳೆಯುವುದು ನಂಬರನ್ನು. ಚಾಳೀಸು ಬಂದಿದ್ದರೆ ಅಷ್ಟು ಸಾಕು. ಆದರೆ ರಕ್ತದಲ್ಲಿ ಸಕ್ಕರೆ ಏರಿಳಿದಾಗ ಕಣ್ಣಿನ ಲೆನ್ಸ್ ಊದಿ ಇಳಿಯುತ್ತದೆ, ಅದರ ಜೊತೆ ನಂಬರೂ ಓಡಾಡುತ್ತದೆ. ಪದೇ ಪದೇ ಪವರ್ ಬದಲಾದರೆ ಹೊಸ ಫ್ರೇಮ್ ನೋಡುವ ಮೊದಲು ಶುಗರ್ ನೋಡಿಸಿ. ಇದನ್ನು ನಮಗೆ ಯಾರಾದರೂ ಒಂದು ವರ್ಷ ಮುಂಚೆ ಹೇಳಬಾರದಿತ್ತಾ ಅಂತ ಈಗಲೂ ಅನ್ನಿಸುತ್ತದೆ.

ಕಣ್ಣಿನ ಕ್ಯಾಂಪ್‌ಗಳ ವಿಷಯ ಬೇರೆ. ಬಾಗಲಕೋಟೆ ಸೀಮೆಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ ಅವರ ಕಾಲದಿಂದ ಕ್ಯಾಂಪ್ ಅಂದರೆ ಪೊರೆ ಆಪರೇಷನ್ ಅಂತಲೇ ನಮ್ಮ ಹಿರಿಯರ ತಲೆಯಲ್ಲಿದೆ. ಇವತ್ತಿಗೂ ಹೆಚ್ಚಿನ ಕ್ಯಾಂಪ್‌ಗಳು ಹುಡುಕುವುದು ಪೊರೆಯನ್ನೇ. ಹತ್ತು ಪೈಸೆ ಖರ್ಚಿಲ್ಲದೆ ಪೊರೆ ಗುರುತಿಸಿ, ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಆಪರೇಷನ್ ಮಾಡಿಸಿ ತಂದು ಬಿಡುವ ವ್ಯವಸ್ಥೆ ಸಣ್ಣದೇನಲ್ಲ. ರಾಜ್ಯ ಸರ್ಕಾರದ ಆಶಾಕಿರಣ ಯೋಜನೆಯಲ್ಲಿ ಮನೆ ಬಾಗಿಲಿಗೇ ಬಂದು ಕಣ್ಣು ನೋಡಿ, ಬೇಕಾದವರಿಗೆ ಕನ್ನಡಕವನ್ನೂ ಕೊಡುತ್ತಾರೆ. ಆದರೆ ಟಾರ್ಚು ಮತ್ತು ಅಕ್ಷರದ ಚಾರ್ಟು ಇಟ್ಟುಕೊಂಡು ನೋಡಿದರೆ ಆರಂಭದ ರೆಟಿನೋಪತಿ, ಗ್ಲಾಕೋಮಾ ಎರಡೂ ತಪ್ಪಿಸಿಕೊಳ್ಳುತ್ತವೆ. ಚಾರ್ಟಿನ ಕೊನೆಯ ಸಾಲು ಓದಿದ ಕಣ್ಣಿನೊಳಗೂ ಕಾಯಿಲೆ ಇರಬಹುದು. ಹಾಗಾಗಿ ಶುಗರ್ ಇರುವವರು ಕ್ಯಾಂಪಿನಲ್ಲಿ "ಏನೂ ಇಲ್ಲ" ಅಂದರು ಅಂತ ಸುಮ್ನೆ ಕೂರಬಾರದು.

ಈಗ ಸಿಗುತ್ತಿರುವ ಮೂರನೆಯ ದಾರಿ ನನಗೆ ತುಂಬಾ ಇಷ್ಟವಾದದ್ದು: ಶುಗರ್ ಡಾಕ್ಟರ ಕ್ಲಿನಿಕ್‌ನಲ್ಲೇ ರೆಟಿನಾದ ಫೋಟೋ. ಬೆಂಗಳೂರಿನ ಫೋರಸ್ ಕಂಪನಿಯ ತ್ರಿನೇತ್ರ ಕ್ಯಾಮೆರಾ, ಬೆಂಗಳೂರಿನದೇ ಆದ ರೆಮಿಡಿಯೋದವರ ಫೋನಿಗೆ ಜೋಡಿಸಿದ ಕ್ಯಾಮೆರಾ, ಇಂಥವು ಬಂದ ಮೇಲೆ ಈ ಕೆಲಸಕ್ಕೆ ದೊಡ್ಡ ಕಣ್ಣಾಸ್ಪತ್ರೆಗೇ ಹೋಗಬೇಕೆಂದಿಲ್ಲ. ಫೋಟೋ ತೆಗೆಯುವವರು ತರಬೇತಿ ಪಡೆದ ಟೆಕ್ನಿಷಿಯನ್. ಓದುವವರು ಎಲ್ಲೋ ಕೂತ ರೆಟಿನಾ ಡಾಕ್ಟರು, ಇಲ್ಲವೇ ಕಂಪ್ಯೂಟರ್. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ರೆಟಿನಾವನ್ನು ಹೀಗೆ ದೂರದಿಂದ ನೋಡುವ ಕಿಡ್‌ರಾಪ್ ಯೋಜನೆ ನಮ್ಮ ರಾಜ್ಯದಲ್ಲಿ 2008ರಲ್ಲೇ ಶುರುವಾಗಿತ್ತು. ಕಂಪ್ಯೂಟರ್ ಓದುವುದರ ಬಗ್ಗೆ ಅನುಮಾನ ಇರುವವರಿಗೆ ಒಂದು ಮಾತು. 2016ರಲ್ಲಿ ಗೂಗಲ್‌ನವರು ಪ್ರಕಟಿಸಿದ, ಈ ಕ್ಷೇತ್ರದಲ್ಲಿ ಹೆಸರಾದ ಅಧ್ಯಯನದಲ್ಲಿ ಯಂತ್ರಕ್ಕೆ ಪಾಠ ಹೇಳಿದ ಫೋಟೋಗಳಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದವೂ ಇದ್ದವು. ನಮ್ಮವರ ಕಣ್ಣು ನೋಡಿಯೇ ಅದು ಕಲಿತದ್ದು.

ಆದರೆ ಈ ಫೋಟೋಗೂ ಮಿತಿ ಇದೆ. ಮೊದಲನೆಯದು, ಅದು ಕೊಡುವ ಉತ್ತರ ಬರೀ "ಕಣ್ಣಿನ ಡಾಕ್ಟರಿಗೆ ತೋರಿಸಿ" ಅಥವಾ "ಸದ್ಯಕ್ಕೆ ಬೇಡ" ಅನ್ನುವಷ್ಟೇ. ಎರಡನೆಯದು ಇನ್ನೂ ಮುಖ್ಯ. ಪೊರೆ ಇರುವವರ, ಪಾಪೆ ಚಿಕ್ಕದಿರುವವರ ಫೋಟೋ ಮಸುಕಾಗಿ ಬರುತ್ತದೆ. "ಫೋಟೋ ಸರಿ ಬಂದಿಲ್ಲ" ಅನ್ನುವುದನ್ನು ಮನೆಯವರು "ಏನೂ ತೊಂದರೆ ಇಲ್ಲ" ಅಂತ ಕೇಳಿಸಿಕೊಳ್ಳುತ್ತಾರೆ. ಸರಿಯಾಗಿ ಬರದ ಫೋಟೋ ಅಂದರೆ ಪರೀಕ್ಷೆಯೇ ಆಗಿಲ್ಲ ಅಂತ. ಆಗ ಪಾಪೆ ಅಗಲಿಸಿ ನೋಡಲೇಬೇಕು.

ಕೊನೆಯ ದಾರಿ ಅದೇ, ಡ್ರಾಪ್ಸ್ ಹಾಕಿ ಪಾಪೆ ಅಗಲಿಸಿ ಮಾಡುವ ಪೂರ್ತಿ ಪರೀಕ್ಷೆ. ಇದಕ್ಕೆ ಸಾಟಿಯಾದದ್ದು ಇನ್ನೂ ಬಂದಿಲ್ಲ. ಅರ್ಧ ಗಂಟೆ ಕಣ್ಣು ಮುಚ್ಚಿ ಕೂರಬೇಕು. ಆಮೇಲೆ ನಾಲ್ಕಾರು ಗಂಟೆ ಹತ್ತಿರದ್ದು ಮಂಜು, ಬಿಸಿಲು ಚುಚ್ಚುತ್ತದೆ. ಬೈಕ್ ಓಡಿಸಿಕೊಂಡು ಹೋಗಬೇಡಿ. ಜೊತೆಗೆ ಒಬ್ಬರು ಬೇಕು, ಒಂದು ಟೋಪಿಯೋ ಕಪ್ಪು ಕನ್ನಡಕವೋ ಇರಲಿ. ಡಾಕ್ಟರಿಗೆ ಊತದ ಅನುಮಾನ ಬಂದರೆ ಒಸಿಟಿ ಸ್ಕ್ಯಾನ್ ಬರೆಯುತ್ತಾರೆ. ಅದು ರೆಟಿನಾವನ್ನು ಕೇಕಿನ ಹಾಗೆ ಪದರ ಪದರವಾಗಿ ತೋರಿಸುತ್ತದೆ. ನೋವಿಲ್ಲ, ಎರಡು ನಿಮಿಷದ ಕೆಲಸ. ಶುಗರ್ ಇರುವ ಎಲ್ಲರಿಗೂ ಪ್ರತಿ ಸಲ ಒಸಿಟಿ ಬೇಕಾಗುವುದಿಲ್ಲ. ರೆಟಿನಾದ ಮಧ್ಯಭಾಗದಲ್ಲಿ ಊತವಿದ್ದು ಇಂಜೆಕ್ಷನ್ ನಡೆಯುತ್ತಿದ್ದರೆ ಮಾತ್ರ ಅದಿಲ್ಲದೆ ಲೆಕ್ಕ ಸಿಗುವುದಿಲ್ಲ.

ನನ್ನ ಆಯ್ಕೆ ಕೇಳಿದರೆ: ದೊಡ್ಡವರಾದ ಮೇಲೆ ಬರುವ ಟೈಪ್ 2 ಶುಗರ್ ಗೊತ್ತಾದ ವರ್ಷವೇ ಒಂದು ಪೂರ್ತಿ ಪರೀಕ್ಷೆ ಮಾಡಿಸಿ. ಆ ಕಾಯಿಲೆ ಗೊತ್ತಾಗುವ ಮುಂಚೆ ಎಷ್ಟು ವರ್ಷದಿಂದ ಒಳಗಿತ್ತೋ ಹೇಳಲಾಗದು. ಆಮೇಲೆ ವರ್ಷಕ್ಕೊಮ್ಮೆ. ಹತ್ತಿರದಲ್ಲಿ ಒಳ್ಳೆಯ ಫೋಟೋ ಸೌಲಭ್ಯ ಇದ್ದರೆ ವರ್ಷದ ತಪಾಸಣೆಗೆ ಅದೂ ಆಗುತ್ತದೆ. ವರ್ಷಕ್ಕೊಮ್ಮೆ ತಪ್ಪದೆ ತೆಗೆಸುವ ಫೋಟೋ, ಐದು ವರ್ಷಕ್ಕೊಮ್ಮೆ ನೆನಪಾಗುವ ದೊಡ್ಡ ಆಸ್ಪತ್ರೆಗಿಂತ ಮೇಲು. ಶುಗರ್ ಇರುವ ಹೆಣ್ಣುಮಗಳು ಬಸುರಿಯಾದರೆ ಮಾತ್ರ ಮೊದಲ ಮೂರು ತಿಂಗಳಲ್ಲೇ ತೋರಿಸಬೇಕು, ಆ ಸಮಯದಲ್ಲಿ ರೆಟಿನೋಪತಿ ಬೇಗ ಜಾಸ್ತಿಯಾಗಬಹುದು.

ಲೇಸರ್ ಮತ್ತು ಇಂಜೆಕ್ಷನ್: ನಮ್ಮ ಎರಡು ಚೀಟಿಯ ಕಥೆ

ಸಕ್ಕರೆಯಿಂದ ರೆಟಿನಾದ ಸಣ್ಣ ರಕ್ತನಾಳಗಳು ಹಾಳಾದಾಗ ಎರಡು ಬಗೆಯ ಅಪಾಯ ಬರುತ್ತದೆ. ಒಂದು, ನಾಳಗಳು ಸೋರಿ ರೆಟಿನಾದ ನಡುಭಾಗ, ಅಂದರೆ ಮ್ಯಾಕುಲಾ ಊದಿಕೊಳ್ಳುವುದು. ಅಕ್ಷರ, ಮುಖ, ಅಕ್ಕಿಯಲ್ಲಿನ ಕಲ್ಲು, ಇವೆಲ್ಲ ಕಾಣುವುದು ಈ ಭಾಗದಿಂದ. ಇನ್ನೊಂದು, ರಕ್ತ ಸಾಲದ ರೆಟಿನಾ ಹೊಸ ನಾಳಗಳನ್ನು ಬೆಳೆಸಿಕೊಳ್ಳುವುದು. ಈ ಹೊಸ ನಾಳಗಳು ಗಟ್ಟಿ ಇರುವುದಿಲ್ಲ. ಒಡೆದು ಕಣ್ಣೊಳಗೆ ರಕ್ತ ತುಂಬುತ್ತದೆ, ಗಾಯದ ಕಲೆಯಂತೆ ಬಿಗಿದು ರೆಟಿನಾವನ್ನೇ ಕಿತ್ತುಹಾಕುತ್ತದೆ.

ಮೊದಲನೆಯದಕ್ಕೆ, ಅಂದರೆ ನಡುಭಾಗ ಊದಿ ದೃಷ್ಟಿ ಕಡಿಮೆಯಾದಾಗ, ಈಗ ಇಂಜೆಕ್ಷನ್ನೇ ಮುಂದು. ನಾಳ ಸೋರುವುದನ್ನೂ ಹೊಸದು ಬೆಳೆಯುವುದನ್ನೂ ತಡೆಯುವ ಔಷಧಿಯನ್ನು ಕಣ್ಣೊಳಗೇ ಸೂಜಿಯಿಂದ ಕೊಡುತ್ತಾರೆ. ಹಿಂದೆ ಇದಕ್ಕೂ ಲೇಸರ್ ಕೊಡುತ್ತಿದ್ದರು. ಲೇಸರ್ ಇದ್ದಷ್ಟನ್ನು ಉಳಿಸುತ್ತಿತ್ತು, ಇಂಜೆಕ್ಷನ್ ಹಲವರಿಗೆ ಒಂದೆರಡು ಸಾಲು ಜಾಸ್ತಿ ಓದುವಂತೆ ಮಾಡಿತು. ಇಲ್ಲಿ ಡಾಕ್ಟರುಗಳ ನಡುವೆ ಜಾಸ್ತಿ ಜಗಳವಿಲ್ಲ.

ಎರಡನೆಯದರಲ್ಲಿ, ಹೊಸ ನಾಳ ಬೆಳೆದಾಗ, ದಾರಿ ಕವಲೊಡೆಯುತ್ತದೆ. ಅಮ್ಮನ ಎಡಗಣ್ಣಿನದು ಇದೇ. ರೆಟಿನಾದ ಅಂಚಿನ ಭಾಗಕ್ಕೆ ಸಾವಿರಕ್ಕೂ ಹೆಚ್ಚು ಸಣ್ಣ ಸಣ್ಣ ಚುಕ್ಕಿಗಳಂತೆ ಲೇಸರ್ ಹೊಡೆಯುವ ವಿಧಾನ 1970ರ ದಶಕದಿಂದ ಇದೆ. ತೀವ್ರ ದೃಷ್ಟಿನಾಶದ ಅಪಾಯವನ್ನು ಇದು ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತದೆ ಅಂತ ಅಮೆರಿಕದ ದೊಡ್ಡ ಅಧ್ಯಯನ ಆಗಲೇ ತೋರಿಸಿತ್ತು. ಒಂದರಿಂದ ಮೂರು ಸಿಟ್ಟಿಂಗ್‌ನಲ್ಲಿ ಮುಗಿಯುತ್ತದೆ. ಪರಿಣಾಮ ವರ್ಷಗಟ್ಟಲೆ ನಿಲ್ಲುತ್ತದೆ. ಇದಕ್ಕೆ ಕಣ್ಣು ಕೊಡುವ ಬೆಲೆಯೂ ಇದೆ. ಅಂಚಿನ ನೋಟ ಒಂದಿಷ್ಟು ಕಡಿಮೆಯಾಗುತ್ತದೆ, ಮಬ್ಬುಗತ್ತಲಲ್ಲಿ ತಡಕಾಡುವಂತಾಗುತ್ತದೆ, ಕೆಲವರಿಗೆ ನಡುಭಾಗದ ಊತ ಹೆಚ್ಚುತ್ತದೆ. ಲೇಸರ್ ಆಗುವಾಗ ಚುಳ್ ಚುಳ್ ಅಂತ ನೋವೂ ಇರುತ್ತದೆ. ಅಮ್ಮ ಅದನ್ನು "ಹಲ್ಲು ಜುಮ್ಮೆಂದ ಹಾಗೆ, ಆದ್ರೆ ಕಣ್ಣೊಳಗೆ" ಅಂದಳು.

ಇಂಜೆಕ್ಷನ್ ವಿಧಾನದಲ್ಲಿ ಈ ನಷ್ಟಗಳು ಕಡಿಮೆ. 2015ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ ಲೇಸರ್ ಮತ್ತು ಇಂಜೆಕ್ಷನ್ ಎರಡನ್ನೂ ನೇರವಾಗಿ ಹೋಲಿಸಿದರು. ಎರಡು ವರ್ಷದ ಕೊನೆಗೆ ಇಂಜೆಕ್ಷನ್ ಪಡೆದವರ ದೃಷ್ಟಿ ಲೇಸರ್‌ನವರಿಗಿಂತ ಹಿಂದೆ ಬಿದ್ದಿರಲಿಲ್ಲ. ಅಂಚಿನ ನೋಟವೂ ಅವರಿಗೇ ಚೆನ್ನಾಗಿ ಉಳಿದಿತ್ತು. ಇಷ್ಟು ಓದಿದಾಗ ನಾನು ಇಂಜೆಕ್ಷನ್ ಪಕ್ಷ ಸೇರಿಬಿಟ್ಟೆ. ಎರಡನೆಯ ಚೀಟಿಯ ಡಾಕ್ಟರೂ ಇದನ್ನೇ ಓದಿದ್ದರು ಅನ್ನಿಸುತ್ತದೆ.

ಆದರೆ ಆ ಫಲಿತಾಂಶದ ಹಿಂದೆ ತಾರೀಖು ತಪ್ಪದೆ ಬಂದ ರೋಗಿಗಳಿದ್ದರು. ಮೊದಲು ತಿಂಗಳಿಗೊಂದು, ಆಮೇಲೆ ಕಣ್ಣು ನೋಡಿಕೊಂಡು, ಎರಡು ವರ್ಷಕ್ಕೆ ಸುಮಾರು ಹತ್ತು ಸೂಜಿ. ಸೂಜಿ ಇಲ್ಲದ ತಿಂಗಳಲ್ಲೂ ತಪಾಸಣೆ. ಬಾರದೇ ಹೋದವರ ಕಥೆ ಏನು? 2019ರಲ್ಲಿ ಅದರ ಬಗ್ಗೆಯೂ ಒಂದು ವರದಿ ಬಂತು. ಆರು ತಿಂಗಳಿಗಿಂತ ಹೆಚ್ಚು ಕಾಲ ಆಸ್ಪತ್ರೆ ಕಡೆ ತಲೆ ಹಾಕದೆ, ಆಮೇಲೆ ವಾಪಸ್ ಬಂದವರನ್ನು ಅದರಲ್ಲಿ ನೋಡಿದ್ದರು. ಲೇಸರ್ ಆಗಿದ್ದವರಿಗಿಂತ ಬರೀ ಇಂಜೆಕ್ಷನ್ ಮೇಲಿದ್ದವರ ಕಣ್ಣು ಹೆಚ್ಚು ಕೆಟ್ಟಿತ್ತು. ರೆಟಿನಾ ಕಿತ್ತು ಬಂದವರೂ ಅವರಲ್ಲೇ ಜಾಸ್ತಿ. ಔಷಧಿಯ ಜೋರು ಇಳಿದ ಮೇಲೆ ನಾಳಗಳು ಮತ್ತೆ ಬೆಳೆಯುತ್ತವೆ, ಅಷ್ಟೇ.

ಇಷ್ಟು ತಿಳಿದ ಮೇಲೆ ನಾನು ಅಮ್ಮನ ಹತ್ತಿರ ಒಂದು ಲೆಕ್ಕ ಕೇಳಿದೆ. ಕಳೆದ ವರ್ಷ ಡಾಕ್ಟರು ಕೊಟ್ಟ ತಾರೀಖುಗಳಲ್ಲಿ ಎಷ್ಟಕ್ಕೆ ಹೋದೆ? ಗೋಡೆಯ ಕ್ಯಾಲೆಂಡರ್ ಇಳಿಸಿ ಇಬ್ಬರೂ ನೋಡಿದೆವು. ಏಳರಲ್ಲಿ ಮೂರು. ಒಂದು ರಾಗಿ ಕೊಯ್ಲಿಗೆ ತಪ್ಪಿತ್ತು, ಒಂದು ನನ್ನ ಆಫೀಸಿಗೆ, ಒಂದು ಸೋದರತ್ತೆ ತೀರಿಕೊಂಡದ್ದಕ್ಕೆ, ಇನ್ನೊಂದು ಯಾಕೆ ಅಂತ ನೆನಪೇ ಆಗಲಿಲ್ಲ. ಅಮ್ಮನೇ ಕ್ಯಾಲೆಂಡರ್ ಮಡಚಿ, "ಲೇಸರೇ ಮಾಡಿಸು" ಅಂದಳು.

ನೀವು ಆಸ್ಪತ್ರೆಯಿಂದ ಎರಡು ಕಿಲೋಮೀಟರ್ ದೂರದಲ್ಲಿದ್ದು, ಜೊತೆಗೆ ಬರುವವರೂ ಇದ್ದು, ರಾತ್ರಿ ಗಾಡಿ ಓಡಿಸುವ ಕೆಲಸವೂ ಇದ್ದರೆ ಇದೇ ಲೆಕ್ಕ ತಿರುಗಿ ಬೀಳುತ್ತದೆ. ಆಗ ಇಂಜೆಕ್ಷನ್ ಒಳ್ಳೆಯದು. ಎರಡನ್ನೂ ಸೇರಿಸಿ ಕೊಡುವ ಡಾಕ್ಟರೂ ಇದ್ದಾರೆ, ಮೊದಲು ಸೂಜಿ ಕೊಟ್ಟು ಊತ ಇಳಿಸಿ, ಆಮೇಲೆ ಲೇಸರ್. ಮುಂದೆ ಅಮ್ಮನ ಬಲಗಣ್ಣಿಗೆ ನಡುಭಾಗದ ಊತ ಬಂದಾಗ ಇಂಜೆಕ್ಷನ್ ಬಿಟ್ಟರೆ ಒಳ್ಳೆಯ ದಾರಿ ಇರಲಿಲ್ಲ. ಆಗ ನಾನೇ ಮೂರು ತಿಂಗಳು ಅಮ್ಮನನ್ನು ಬೆಂಗಳೂರಿನಲ್ಲಿ ಇಟ್ಟುಕೊಂಡೆ.

ರಕ್ತ ತುಂಬಿ ಕಣ್ಣು ಪೂರ್ತಿ ಮುಚ್ಚಿಹೋದರೆ ಮೂರನೆಯ ಆಯ್ಕೆಯೂ ಇದೆ, ಕಣ್ಣೊಳಗಿನ ರಕ್ತ ತುಂಬಿದ ಲೋಳೆಯನ್ನು ತೆಗೆಯುವ ವಿಟ್ರೆಕ್ಟಮಿ ಅನ್ನುವ ಆಪರೇಷನ್. 2020ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಆರು ತಿಂಗಳ ಸರಾಸರಿ ನೋಡಿದರೆ ಇಂಜೆಕ್ಷನ್‌ಗೂ ಇದಕ್ಕೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಆದರೆ ಆಪರೇಷನ್ ಆದವರಿಗೆ ಬೇಗ ಕಾಣಲು ಶುರುವಾಯಿತು. ಇನ್ನೊಂದು ಕಣ್ಣಿಂದ ಕಾಣದವರಿಗೆ, ದಿನಗೂಲಿಯವರಿಗೆ ಈ "ಬೇಗ" ದೊಡ್ಡದು. ರೆಟಿನಾ ನಡುಭಾಗದಲ್ಲಿ ಕಿತ್ತು ಬಂದಿದ್ದರೆ ಆಯ್ಕೆಯ ಪ್ರಶ್ನೆಯೇ ಇಲ್ಲ, ಆಪರೇಷನ್ನೇ.

ಯಾವ ಇಂಜೆಕ್ಷನ್?

ಬಿಲ್ ನೋಡಿ ಬೆಚ್ಚಿ ಬೀಳುವುದು ಇಲ್ಲೇ. ನಮ್ಮಲ್ಲಿ ಹೆಚ್ಚಾಗಿ ಕೇಳುವ ಹೆಸರು ಮೂರು. ಬೆವಾಸಿಝುಮ್ಯಾಬ್, ಅಂದರೆ ಅವಾಸ್ಟಿನ್. ರಾನಿಬಿಝುಮ್ಯಾಬ್. ಅಫ್ಲಿಬರ್ಸೆಪ್ಟ್, ಅಂದರೆ ಐಲಿಯಾ. ಬೆಲೆಯಲ್ಲಿ ಮೊದಲನೆಯದು ಉಳಿದವಕ್ಕಿಂತ ಎಷ್ಟೋ ಪಾಲು ಕಡಿಮೆ. ಯಾಕೆಂದರೆ ಅದು ಮೂಲತಃ ಕ್ಯಾನ್ಸರ್ ಔಷಧಿ. ದೊಡ್ಡ ಸೀಸೆಯಿಂದ ಕಣ್ಣಿಗೆ ಬೇಕಾದ ಹನಿಯಷ್ಟನ್ನು ಬೇರೆ ಬೇರೆ ಸಿರಿಂಜಿಗೆ ಹಂಚುತ್ತಾರೆ.

ಕಡಿಮೆ ಬೆಲೆಯದು ಕಳಪೆಯಾ? 2015ರಲ್ಲಿ ಮೂರನ್ನೂ ಹೋಲಿಸಿದ ಅಧ್ಯಯನ ಬಂತು. ನಡುಭಾಗದ ಊತ ಇದ್ದೂ ದೃಷ್ಟಿ ಸುಮಾರಾಗಿ ಚೆನ್ನಾಗಿದ್ದವರಲ್ಲಿ ಮೂರೂ ಒಂದೇ ಸಮ ಕೆಲಸ ಮಾಡಿದವು. ದೃಷ್ಟಿ 6/15 (ಬೇರೆಯವರು 15 ಮೀಟರಿನಿಂದ ಓದುವ ಅಕ್ಷರವನ್ನು 6 ಮೀಟರಿನಿಂದ ಓದುವಷ್ಟು) ಅಥವಾ ಅದಕ್ಕಿಂತ ಕೆಳಗಿದ್ದವರಲ್ಲಿ ಮೊದಲ ವರ್ಷ ಅಫ್ಲಿಬರ್ಸೆಪ್ಟ್ ಮುಂದಿತ್ತು. 2022ರಲ್ಲಿ ಇನ್ನೂ ಉಪಯೋಗದ ಒಂದು ಫಲಿತಾಂಶ ಸಿಕ್ಕಿತು. ದೃಷ್ಟಿ ಕಡಿಮೆ ಇದ್ದವರಿಗೂ ಬೆವಾಸಿಝುಮ್ಯಾಬ್‌ನಿಂದ ಶುರು ಮಾಡಿ, ಸಾಕಷ್ಟು ಸುಧಾರಿಸದಿದ್ದರೆ ಮಾತ್ರ ಅಫ್ಲಿಬರ್ಸೆಪ್ಟ್‌ಗೆ ಹೋದರೂ ಎರಡು ವರ್ಷದ ಕೊನೆಗೆ ಫಲ ಹೆಚ್ಚುಕಮ್ಮಿ ಒಂದೇ ಆಗಿತ್ತು. ಹಾಗಾಗಿ "ದುಬಾರಿಯದೇ ಕೊಡಿ ಡಾಕ್ಟ್ರೇ" ಅಂತ ಸಾಲ ಮಾಡುವ ಮುಂಚೆ, "ಮೊದಲು ಕಡಿಮೆ ಬೆಲೆಯದರಿಂದ ಶುರು ಮಾಡಬಹುದಾ?" ಅಂತ ಕೇಳುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಎರಡು ದುಬಾರಿ ಸೂಜಿ ಹಾಕಿಸಿ ದುಡ್ಡು ಮುಗಿದು ನಿಲ್ಲಿಸುವುದಕ್ಕಿಂತ, ಕೈಗೆಟುಕುವುದನ್ನು ಎಂಟು ಸಲ ಹಾಕಿಸುವುದು ಕಣ್ಣಿಗೆ ಒಳ್ಳೆಯದು. ನಡುವೆ ಇನ್ನೊಂದು ಮೆಟ್ಟಿಲೂ ಇದೆ. ರಾನಿಬಿಝುಮ್ಯಾಬ್‌ನ ಭಾರತೀಯ ರೂಪ ರಝುಮ್ಯಾಬ್ 2015ರಲ್ಲಿ ಒಪ್ಪಿಗೆ ಪಡೆಯಿತು.

ಅವಾಸ್ಟಿನ್ ಹಂಚುವಾಗ ಕೊಳೆ ಸೇರಿದರೆ ಕಣ್ಣೊಳಗೆ ಸೋಂಕಾಗುತ್ತದೆ. ಆದ್ದರಿಂದ ಅದನ್ನು ಆಪರೇಷನ್ ಥಿಯೇಟರಿನಲ್ಲಿ, ನಿಯಮಿತವಾಗಿ ಕೊಡುವ ಕಡೆಯೇ ಹಾಕಿಸಿ. ಯಾವ ಇಂಜೆಕ್ಷನ್ ಆದರೂ ಸೋಂಕಿನ ಸಾಧ್ಯತೆ ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಆದರೆ ಆದಾಗ ಗಂಟೆಗಳ ಲೆಕ್ಕ. ಸೂಜಿ ಹಾಕಿಸಿದ ಮೊದಲ ವಾರದಲ್ಲಿ ನೋವು ಹೆಚ್ಚುತ್ತಾ, ಕೆಂಪಾಗುತ್ತಾ, ದೃಷ್ಟಿ ಇಳಿಯುತ್ತಾ ಹೋದರೆ ರಾತ್ರಿಯಾದರೂ ಫೋನ್ ಮಾಡಿ. ಇತ್ತೀಚೆಗೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಆಗಿದ್ದರೆ ಮೊದಲೇ ಹೇಳಿ. ಸ್ಟೆರಾಯ್ಡ್ ಇಂಪ್ಲಾಂಟ್ ಅಂತ ಇನ್ನೊಂದಿದೆ, ಒಂದು ಸಲ ಹಾಕಿದರೆ ಮೂರ್ನಾಲ್ಕು ತಿಂಗಳು ಬರುತ್ತದೆ. ಪೊರೆ ಬೇಗ ಬರುತ್ತದೆ, ಕಣ್ಣಿನ ಒತ್ತಡ ಏರಬಹುದು. ಪೊರೆ ಆಪರೇಷನ್ ಆಗಿಹೋದವರಿಗೆ, ಪದೇ ಪದೇ ಬರಲಾಗದವರಿಗೆ ಕೆಲವೊಮ್ಮೆ ಇದೇ ಸರಿಹೊಂದುತ್ತದೆ.

ಗ್ಲಾಕೋಮಾ: ಹನಿ, ಲೇಸರ್, ಆಪರೇಷನ್

ನಮ್ಮ ದೊಡ್ಡಪ್ಪನಿಗೆ ಗ್ಲಾಕೋಮಾ ಇದ್ದದ್ದು ಗೊತ್ತಾಗಿದ್ದು ಅವರು ಮೂರನೆಯ ಸಲ ಬಾಗಿಲ ಚೌಕಟ್ಟಿಗೆ ಡಿಕ್ಕಿ ಹೊಡೆದಾಗ. ಪೇಪರ್ ಓದುತ್ತಿದ್ದರು, ಟಿವಿ ನೋಡುತ್ತಿದ್ದರು, ಪಕ್ಕದಲ್ಲಿ ನಿಂತವರು ಕಾಣುತ್ತಿರಲಿಲ್ಲ. ಕಾಯಿಲೆಯ ಗುಣವೇ ಹಾಗೆ. ಅಂಚಿನಿಂದ ತಿನ್ನುತ್ತಾ ಬಂದು ನಡುಭಾಗವನ್ನು ಕೊನೆಗೆ ಮುಟ್ಟುತ್ತದೆ. ದಕ್ಷಿಣ ಭಾರತದಲ್ಲಿ ನಡೆದ ಸಮೀಕ್ಷೆಗಳಲ್ಲಿ ಗ್ಲಾಕೋಮಾ ಸಿಕ್ಕ ಹತ್ತು ಜನರಲ್ಲಿ ಒಂಬತ್ತಕ್ಕೂ ಹೆಚ್ಚು ಜನರಿಗೆ ಅದು ಇರುವುದೇ ಗೊತ್ತಿರಲಿಲ್ಲ.

ಪರೀಕ್ಷೆಯಲ್ಲೂ ಒಂದು ಬಲೆ ಇದೆ. ಗಾಳಿ ಊದಿ ಕಣ್ಣಿನೊಳಗಿನ ಒತ್ತಡ ನೋಡುತ್ತಾರಲ್ಲ, ಅದು ನಾರ್ಮಲ್ ಬಂದರೆ ಕಾಯಿಲೆ ಇಲ್ಲ ಅಂತಲ್ಲ. 21ರೊಳಗಿನ, ಅಂದರೆ ನಾರ್ಮಲ್ ಅನ್ನುವ ಒತ್ತಡದಲ್ಲೂ ನರ ಸವೆಯುವವರು ಬೇಕಾದಷ್ಟು ಜನ. ನರವನ್ನು ನೋಡಬೇಕು, ಕಣ್ಣಿನ ಕೋನವನ್ನು, ಅಂದರೆ ಕಣ್ಣೊಳಗಿನ ನೀರು ಹರಿದುಹೋಗುವ ಮೂಲೆಯನ್ನು ಲೆನ್ಸ್ ಇಟ್ಟು ನೋಡಬೇಕು, ಅನುಮಾನ ಇದ್ದರೆ ಫೀಲ್ಡ್ ಟೆಸ್ಟ್ ಮಾಡಿಸಬೇಕು. ಬಟ್ಟಲಿನಂಥ ಯಂತ್ರದಲ್ಲಿ ಮುಖ ಇಟ್ಟು, ಬೆಳಕಿನ ಚುಕ್ಕಿ ಕಂಡಾಗ ಬಟನ್ ಒತ್ತುವ ಆ ಪರೀಕ್ಷೆಯಲ್ಲಿ ವಯಸ್ಸಾದವರಿಗೆ ನಿದ್ದೆಯೇ ಬಂದುಬಿಡುತ್ತದೆ. ಮೊದಲ ಸಲದ ರಿಪೋರ್ಟು ಕೆಟ್ಟದಾಗಿ ಬಂದರೆ ಗಾಬರಿಯಾಗದೆ ಇನ್ನೊಮ್ಮೆ ಮಾಡಿಸಿ. ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಇದ್ದರೆ 40ಕ್ಕೆ ಕಾಯದೆ ತೋರಿಸಿ. ದೊಡ್ಡಪ್ಪನದು ಗೊತ್ತಾದ ಮೇಲೆ ಅಪ್ಪನನ್ನು ಎಳೆದುಕೊಂಡು ಹೋದೆವು. ಅವರಿಗೆ ಇರಲಿಲ್ಲ, ಪುಣ್ಯಕ್ಕೆ.

ಚಿಕಿತ್ಸೆ ಅಂದರೆ ಈ ಒತ್ತಡ ಇಳಿಸುವುದು, ಅದಕ್ಕೆ ಹನಿ ಔಷಧಿಯೇ ನಮ್ಮಲ್ಲಿ ಮಾಮೂಲು. ರಾತ್ರಿ ಒಂದು ಹನಿ ಸಾಕಾಗುವ ಲೆಟಾನೊಪ್ರೋಸ್ಟ್ ಬಗೆಯದು ಒಂದು, ದಿನಕ್ಕೆರಡು ಸಲ ಹಾಕುವ, ಬೆಲೆ ಕಡಿಮೆ ಇರುವ ಟಿಮೊಲಾಲ್ ಇನ್ನೊಂದು. ದಮ್ಮು ಇರುವವರಿಗೆ ಟಿಮೊಲಾಲ್ ಕೊಡಬಾರದು. ಕಣ್ಣಿಗೆ ಹಾಕುವ ಹನಿ ಎದೆಗೇನು ಮಾಡೀತು ಅಂತ ಯಾರೂ ಬಾಯಿ ಬಿಡುವುದಿಲ್ಲ, ದಮ್ಮು ಇದೆ ಅಂತ ನೀವೇ ಡಾಕ್ಟರಿಗೆ ಹೇಳಿ. ಹನಿಯ ದೊಡ್ಡ ದೋಷ ಔಷಧಿಯಲ್ಲಿಲ್ಲ, ದಿನಾ ಹಾಕಬೇಕಾದದ್ದರಲ್ಲಿದೆ. ಹಾಕಿದರೆ ಏನೂ ಸುಖ ಕಾಣುವುದಿಲ್ಲ, ಬಿಟ್ಟರೆ ನೋವಿಲ್ಲ. ದೊಡ್ಡಪ್ಪ ಸೀಸೆ ಮುಗಿದ ಮೇಲೆ ಹದಿನೈದು ದಿನ ಸುಮ್ಮನಿದ್ದು, ಡಾಕ್ಟರನ್ನು ನೋಡಲು ಹೋಗುವ ಹಿಂದಿನ ದಿನ ಹೊಸದು ತರುತ್ತಿದ್ದರು. ಕೈ ನಡುಗುವವರಿಗೆ ಹನಿ ಕೆನ್ನೆಗೇ ಬೀಳುತ್ತದೆ.

ಇಂಥವರಿಗಾಗಿ ಎಸ್ಎಲ್‌ಟಿ ಎಂಬ ಲೇಸರ್ ಕೇಳಿ ನೋಡಿ. ಕಣ್ಣಿನ ಕೋನ ತೆರೆದಿರುವ ಗ್ಲಾಕೋಮಾಕ್ಕೆ ಇದು. ಹತ್ತು ನಿಮಿಷದ ಕೆಲಸ, ಕೊಯ್ಯುವುದಿಲ್ಲ. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಮೊದಲಿಗೇ ಇದನ್ನು ಮಾಡಿಸಿಕೊಂಡವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಮೂರು ವರ್ಷವಾದರೂ ಹನಿ ಬೇಕಾಗಿರಲಿಲ್ಲ. ಅಲ್ಲಿ ಈಗ ಮೊದಲ ಚಿಕಿತ್ಸೆಯಾಗಿ ಇದನ್ನೇ ಹೇಳುತ್ತಾರೆ. ನಮ್ಮಲ್ಲಿ ಯಂತ್ರ ಎಲ್ಲ ಕಡೆ ಇಲ್ಲ. ವರ್ಷಗಳಾದ ಮೇಲೆ ಪರಿಣಾಮ ತಗ್ಗುತ್ತದೆ, ಮತ್ತೆ ಮಾಡಬಹುದು. ಲೇಸರ್ ಆಯಿತು ಅಂತ ತಪಾಸಣೆ ಬಿಟ್ಟರೆ ಮಾತ್ರ ಕೆಟ್ಟಿತು. ಕೋನ ಮುಚ್ಚುವ ಬಗೆಯ ಗ್ಲಾಕೋಮಾಕ್ಕೆ ಬೇರೆಯದೇ ಲೇಸರ್ ಇದೆ, ಪೊರೆಯೂ ಇದ್ದರೆ ಅದನ್ನು ತೆಗೆಯುವುದರಿಂದಲೇ ಒತ್ತಡ ಇಳಿಯುವುದುಂಟು. ಇವೆಲ್ಲ ಸಾಲದಾದಾಗ, ಕಣ್ಣೊಳಗಿನ ನೀರು ಹೊರಹೋಗಲು ಹೊಸ ದಾರಿ ಮಾಡುವ ಟ್ರಾಬೆಕ್ಯುಲೆಕ್ಟಮಿ ಆಪರೇಷನ್.

ಪೊರೆಗೆ ಯಾವ ಆಪರೇಷನ್, ಯಾವ ಲೆನ್ಸ್

ಇದರ ಬಗ್ಗೆ ಆಸ್ಪತ್ರೆಯ ಕೌನ್ಸೆಲರ್‌ಗಳೇ ನಿಮಗೆ ಬೇಕಾದಷ್ಟು ಹೇಳುತ್ತಾರೆ, ಪ್ಯಾಕೇಜಿನ ಹಾಳೆ ಹಿಡಿದುಕೊಂಡು. ನಾನು ಎರಡೇ ಮಾತು ಸೇರಿಸುತ್ತೇನೆ.

ಯಂತ್ರದಿಂದ ಒಡೆದು ತೆಗೆಯುವ ಫೇಕೋಗೂ, ಸ್ವಲ್ಪ ದೊಡ್ಡ ಗಾಯದಿಂದ ಹೊಲಿಗೆ ಇಲ್ಲದೆ ತೆಗೆಯುವ ಎಸ್ಐಸಿಎಸ್‌ಗೂ ಬೆಲೆಯಲ್ಲಿ ಅಂತರವಿದೆ. ಆದರೆ ನೇಪಾಳದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಆರು ತಿಂಗಳ ನಂತರ ಎರಡರ ಫಲವೂ ಚೆನ್ನಾಗಿಯೇ ಇತ್ತು, ಹೆಚ್ಚು ವ್ಯತ್ಯಾಸ ಇರಲಿಲ್ಲ. ಫೇಕೋದಲ್ಲಿ ಬೇಗ ಹುಷಾರಾಗುತ್ತಾರೆ, ಕನ್ನಡಕದ ನಂಬರ್ ಕಡಿಮೆ ಬರುತ್ತದೆ. ತುಂಬಾ ಬಲಿತ ಪೊರೆಗೆ ಎಸ್ಐಸಿಎಸ್ ಹಿಂದೆ ಬಿದ್ದದ್ದಲ್ಲ. ಉಚಿತ ಆಪರೇಷನ್‌ನಲ್ಲಿ ಅದನ್ನೇ ಮಾಡಿದರು ಅಂತ ಯಾರೂ ಕೊರಗಬೇಕಿಲ್ಲ.

ಇನ್ನು ದೂರ, ಹತ್ತಿರ ಎರಡಕ್ಕೂ ಆಗುತ್ತದೆ ಅನ್ನುವ ಮಲ್ಟಿಫೋಕಲ್ ಲೆನ್ಸ್. ರೆಟಿನಾದ ನಡುಭಾಗ ಕೆಟ್ಟಿದ್ದರೆ, ಗ್ಲಾಕೋಮಾ ಮುಂದುವರಿದಿದ್ದರೆ ಸಾಮಾನ್ಯವಾಗಿ ಇದು ಬೇಡ. ಈಗಾಗಲೇ ಮಸುಕಾದ ನೋಟವನ್ನು ಅದು ಇನ್ನಷ್ಟು ಮಸುಕು ಮಾಡುತ್ತದೆ. ಅಮ್ಮನಿಗೂ ಒಂದು ಕಡೆ ಇದೇ ಲೆನ್ಸ್ ಹೇಳಿದ್ದರು, ರೆಟಿನಾ ನೋಡುವುದಕ್ಕೂ ಮುಂಚೆ! ಮಾಮೂಲಿ ಮೊನೋಫೋಕಲ್ ಹಾಕಿಸಿ, ಓದಲು ಒಂದು ಕನ್ನಡಕ ಇಟ್ಟುಕೊಂಡಿದ್ದಾಳೆ. ಶುಗರ್ ಇರುವವರು ಪೊರೆ ತೆಗೆಸುವ ಮೊದಲು ರೆಟಿನಾ ನೋಡಿಸಿ, ಊತ ಇದ್ದರೆ ಅದಕ್ಕೆ ಮೊದಲು ಚಿಕಿತ್ಸೆ ಮಾಡಿಸಿ.

ಯಾವ ಆಸ್ಪತ್ರೆ

ಬೆಂಗಳೂರಿನಲ್ಲಿ 1896ರಲ್ಲಿ ಶುರುವಾದ ಮಿಂಟೋ ಇದೆ, ದೊಡ್ಡ ಸರ್ಕಾರಿ ಕಣ್ಣಾಸ್ಪತ್ರೆ. ಜಿಲ್ಲೆಗಳಲ್ಲಿ ಮೆಡಿಕಲ್ ಕಾಲೇಜುಗಳಿವೆ, ಟ್ರಸ್ಟ್ ಆಸ್ಪತ್ರೆಗಳಿವೆ, ಖಾಸಗಿಯವು ಬೀದಿಗೊಂದಿವೆ. ಸರ್ಕಾರಿ ಕಡೆ ಖರ್ಚು ಕಡಿಮೆ, ಕಾಯುವುದು ಜಾಸ್ತಿ. ಖಾಸಗಿಯಲ್ಲಿ ತಿರುವುಮುರುವು. ಆಯುಷ್ಮಾನ್ ಕಾರ್ಡ್ ಇದ್ದರೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು (ಕಾರ್ಡಿನ ಕೆಲಸಕ್ಕೆ ಸಹಾಯ ಮಾಡುವವರು) ಮೊದಲು ಹುಡುಕಿ, ನಿಮಗೆ ಬರೆದ ಚಿಕಿತ್ಸೆ ಅದರಲ್ಲಿ ಬರುತ್ತದಾ, ರೆಫರಲ್ ಬೇಕಾ ಅಂತ ಕೇಳಿ. ಆಪರೇಷನ್ ಬರುತ್ತದೆ ಅಂದಮೇಲೆ ಸೂಜಿಯೂ ಬರುತ್ತದೆ ಅಂದುಕೊಳ್ಳಬೇಡಿ.

ನಾನಾದರೆ ಹೆಸರಿಗಿಂತ ಎರಡು ವಿಷಯ ನೋಡುತ್ತೇನೆ. ವಾರದಲ್ಲಿ ಎಷ್ಟು ದಿನ ರೆಟಿನಾ ಡಾಕ್ಟರು ಇರುತ್ತಾರೆ, ಮತ್ತು ಲೇಸರ್ ಯಂತ್ರ ಅಲ್ಲೇ ಇದೆಯಾ. ಈಗ ಅಮ್ಮನ ತಪಾಸಣೆ ಬೆಂಗಳೂರಿನಲ್ಲಲ್ಲ, ಹಾಸನದಲ್ಲಿ. ರೆಟಿನಾ ಡಾಕ್ಟರು ಬರುವ ದಿನ ನೋಡಿಕೊಂಡು ಬೆಳಗಿನ ಬಸ್ಸಿಗೆ ಹೋಗಿ ಮಧ್ಯಾಹ್ನಕ್ಕೆ ಮನೆಗೆ ಬರುತ್ತಾಳೆ. ಹೋದ ವರ್ಷ ಒಂದು ತಾರೀಖೂ ತಪ್ಪಿಲ್ಲ.

ಹೋಲಿಸುತ್ತಾ ಕೂರಬಾರದಾದಾಗ

ಕಣ್ಣ ಮುಂದೆ ಪರದೆ ಇಳಿದಂತಾದರೆ. ಮಿಂಚು ಹೊಡೆದಂತಾಗಿ ಕಪ್ಪು ಚುಕ್ಕಿಗಳ ಮಳೆ ಶುರುವಾದರೆ. ಕಣ್ಣು ಕೆಂಪಾಗಿ, ಅರ್ಧ ತಲೆ ಸಿಡಿದು, ವಾಂತಿಯಾಗಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ. ನೋವೇ ಇಲ್ಲದೆ ಒಂದು ಕಣ್ಣು ತಟ್ಟನೆ ಕತ್ತಲಾದರೆ. ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕಿ ಬಂದು ನೋವಾದರೆ, ಅದರಲ್ಲೂ ಭತ್ತದ ಹೊಟ್ಟೋ ಕಡ್ಡಿಯೋ ತಾಗಿದ ಮೇಲೆ. ಆಗ ಎರಡನೆಯ ಅಭಿಪ್ರಾಯ, ಕಾರ್ಡು, ಪ್ಯಾಕೇಜು ಎಲ್ಲ ಬದಿಗಿಟ್ಟು ಅದೇ ದಿನ ಹತ್ತಿರದ ಕಣ್ಣಾಸ್ಪತ್ರೆಗೆ ಹೋಗಿ. ಹರಳೆಣ್ಣೆ, ಎದೆಹಾಲು, ಸೊಪ್ಪಿನ ರಸ ಹಾಕಬೇಡಿ. ಮೆಡಿಕಲ್ ಸ್ಟೋರಿನವರು ಕೊಟ್ಟ ಸ್ಟೆರಾಯ್ಡ್ ಹನಿಯನ್ನೂ ಹಾಕಬೇಡಿ. ಎಲೆಅಡಿಕೆಯ ಸುಣ್ಣ ಮಗುವಿನ ಕಣ್ಣಿಗೆ ಸಿಡಿದರೆ ಮಾತ್ರ ಮೊದಲು ಆಸ್ಪತ್ರೆಗೆ ಓಡಬೇಡಿ. ಇದ್ದಲ್ಲೇ ನಲ್ಲಿಯ ಕೆಳಗೆ, ಇಲ್ಲವೇ ಬಿಂದಿಗೆಯ ಒಳ್ಳೆಯ ನೀರಲ್ಲಿ, ರೆಪ್ಪೆ ಬಿಡಿಸಿ ಕನಿಷ್ಠ ಇಪ್ಪತ್ತು ನಿಮಿಷ ತೊಳೆಯಿರಿ. ಆಮೇಲೆ ಹೊರಡಿ.